ನಾಚುವ ಕುದುರೆಗಳು ಹಾಗೂ ಮೊಟ್ಟೆ ತಿಂದ ಸವಾರರ ಕುರಿತು

ಇಲಾಖೆಯ ಕಚೇರಿ (ಅಡುಗೆಮನೆ ಶಾಖೆ)
ಹಾಲ್ವರ್ಸನ್ ರ‍್ಯಾಂಚ್, ಮೊಂಟಾನಾ

ಸಂಖ್ಯೆ: ಕುದುರೆ/ಅಡುಗೆ/5/ಶುಕ್ರವಾರ
ಸಮಯ: ಬೆಳಿಗ್ಗೆ 7.10

ವಿಷಯ: ಗೆಳತಿಯೊಂದಿಗೆ ಕುದುರೆ ಸವಾರಿಯ ರಜೆ ಕಳೆಯುತ್ತಿರುವ ಕುಮಾರಿ ಇಂಗ (ವಯಸ್ಸು ಒಂಬತ್ತು) ಇವರು ವಾರದುದ್ದಕ್ಕೂ ಬಾಯಿಮಾತಿನಲ್ಲಿ ಹೊರಡಿಸಿದ ನಿಯಮಗಳನ್ನು ಸಕ್ರಮಗೊಳಿಸುವ ಬಗ್ಗೆ.

ಉಲ್ಲೇಖ:
1. ಸದರಿಯವರು ಚಳಿಗಾಲದಲ್ಲಿ ಗೆಳತಿಗೆ ಬರೆದ ಪತ್ರ (“ನಾನು ನಡೆಯೋದು ಕಲಿಯೋಕ್ಕಿಂತ ಮುಂಚೇನೇ ಕುದುರೆ ಹತ್ತಿದ್ದೆ. ನೀನು ಬಾ, ನಿಂಗೂ ಕಲಿಸ್ತೀನಿ”).
2. ಕಳೆದ ಅಕ್ಟೋಬರಿನಲ್ಲಿ ನಡೆದ, ಈ ಕಚೇರಿಯಲ್ಲಿ ಯಾರೂ ಮಾತೆತ್ತದ ಘಟನೆ.

ಪ್ರಸ್ತಾವನೆ (ಗೋಪ್ಯ: ಗೆಳತಿಯ ಹಾಗೂ ಅತಿಥಿಗಳ ಪ್ರತಿಗಳಲ್ಲಿ ಉಲ್ಲೇಖ, ಈ ಭಾಗ ಮತ್ತು ಕೊನೆಯ ಮೂರು ಕಂಡಿಕೆಗಳು ಇರತಕ್ಕದ್ದಲ್ಲ):

ಸೋಮವಾರ ಬೆಳಿಗ್ಗೆ ಆರೂವರೆಗೆ ಅಡುಗೆಮನೆ ಶಾಖೆಯಲ್ಲಿ ಸವಾರಿಗೆಂದು ಒಂದು ವಾರದ ಮಟ್ಟಿಗೆ ಬಂದ ಹದಿನಾರು ಅತಿಥಿಗಳಿಗೆ ಪ್ಯಾನ್‌ಕೇಕ್ ಹುಯ್ಯುವ ಕೆಲಸ ನಡೆದಿತ್ತು. ಮೂರನೆಯ ಕಾವಲಿಯ ಹೊತ್ತಿಗೆ ಕುಮಾರಿ ಇಂಗ ಹಿಂಬಾಗಿಲಿನಿಂದ ಓಡಿಬಂದು, ಒಂದೇ ಉಸಿರಿನಲ್ಲಿ ಈ ಹೇಳಿಕೆ ನೀಡಿದರು: “ಅಮ್ಮಾ, ಸೋಮವಾರ ಮನೆಯವ್ರು ಯಾರೂ ಕುದುರೆ ಹತ್ತೋ ಹಾಗಿಲ್ಲ ಅಂತ ಇವ್ಳಿಗೆ ಹೇಳು! ಹೊಸಬ್ರು ಬಂದ ಮೊದಲ್ನೇ ದಿನ ಕುದುರೆಗಳಿಗೆ ನಾಚ್ಕೆ ಆಗತ್ತೆ ಅಂತ ಹೇಳು!” ಅವರ ಬೆನ್ನ ಹಿಂದೆ ಶಿಕಾಗೋದಿಂದ ಬಂದ ಗೆಳತಿ ಕುಮಾರಿ ಡೆಲ್ಫೀನ್, ಹೊಸ ಬೂಟು ಮೆಟ್ಟಿ, ಕಣ್ಣರಳಿಸಿ ನಿಂತಿದ್ದರು. ಅಂಥ ನಿಯಮ ಈ ರ‍್ಯಾಂಚಿನಲ್ಲಿ ಎಂದೂ ಇರಲಿಲ್ಲ. ಕಾವಲಿಯ ಮೇಲೆ ಪ್ಯಾನ್‌ಕೇಕ್ ಸೀಯುತ್ತಿತ್ತು. ಮಗಳ ಮುಖವನ್ನು ಪರಿಶೀಲಿಸಲಾಗಿ, “ಹೌದಮ್ಮ, ತುಂಬಾ ನಾಚ್ಕೆ ಆಗತ್ತೆ” ಎಂದು ಕಚೇರಿಯು ದೃಢೀಕರಿಸಿತು.

ಕಳೆದ ಅಕ್ಟೋಬರಿನಲ್ಲಿ ಪೊದೆಯಿಂದ ಹಕ್ಕಿಯೊಂದು ಪುರ್ರೆಂದು ಎದ್ದಾಗ, ಮೇಯರ್ ಎಂಬ ಮುದಿ ಕುದುರೆ ಪಕ್ಕಕ್ಕೆ ನೆಗೆದು, ಅದರ ಮೇಲಿದ್ದ ಇಂಗ ನೆಲಕ್ಕೆ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಒಂಬತ್ತು ತಿಂಗಳು ಅವರು ಯಾವ ಕುದುರೆಯನ್ನೂ ಹತ್ತಿಲ್ಲ. ಏಕೆಂದು ಹೇಳಿಯೂ ಇಲ್ಲ. ತಟ್ಟೆಯ ಮುಂದೆ ಕುಳಿತು ಏನನ್ನೋ ಕೇಳಲು ಬಾಯಿ ತೆರೆಯುತ್ತಾರೆ, “ಏನಿಲ್ಲ” ಎಂದು ಮುಚ್ಚುತ್ತಾರೆ. ಒತ್ತಾಯಿಸಿದಷ್ಟೂ ಪ್ರಶ್ನೆ ಒಳಗೊಳಗೇ ಹೋಗುತ್ತದೆಂದು ಅನುಭವದಿಂದ ತಿಳಿದುಬಂದಿದೆ. ಬಿದ್ದ ವಿಷಯ ಗೆಳತಿಗೆ ಗೊತ್ತಿಲ್ಲ. ಗೆಳತಿ ನಾಳೆ ಊರಿಗೆ ಹೊರಡುತ್ತಾರೆ. ಇಂದಿನದೇ ಕೊನೆಯ ಸವಾರಿ.

ಆದ್ದರಿಂದ ಸಮಸ್ತ ನೌಕರರು, ಅತಿಥಿಗಳು ಹಾಗೂ ಕುದುರೆಗಳ ಗಮನಕ್ಕೆ ತರುವುದೇನೆಂದರೆ:

1. ಸೋಮವಾರ ಕುದುರೆಗಳಿಗೆ ನಾಚಿಕೆಯಾಗುತ್ತದೆ ಎಂಬುದನ್ನು ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಮಾನ್ಯ ಮಾಡಲಾಗಿದೆ. ಅಂದು ಮನೆಯವರು, ನೌಕರರು ಯಾರೂ ಸವಾರಿ ಮಾಡತಕ್ಕದ್ದಲ್ಲ. ಇದರ ಫಲವಾಗಿ ಕುದುರೆ ಮೇಲ್ವಿಚಾರಕ ಶ್ರೀ ಓರ್ವಿಲ್ (ವಯಸ್ಸು ಎಪ್ಪತ್ತೊಂದು) ಇವರು ನಲವತ್ತು ಕುದುರೆಗಳನ್ನು ಹುಲ್ಲುಗಾವಲಿನಿಂದ ಮೂರು ಮೈಲಿ ನಡೆದೇ ಅಟ್ಟಿಕೊಂಡು ಬಂದರು. ಅವರ ಹೇಳಿಕೆ: “ಐವತ್ತು ವರ್ಷದಿಂದ ಕುದುರೆ ನೋಡ್ಕೋತಿದೀನಿ ತಾಯಿ, ಅವಕ್ಕೆ ನಾಚ್ಕೆ ಅಂತ ಇದೇ ಮೊದ್ಲು ಕೇಳಿದ್ದು. ನಂಗೂ ಒಂದಿನ ನಾಚ್ಕೊಂಡು ಮನೇಲಿ ಮಲಗೋಕೆ ರಜೆ ಕೊಡಿ.” ಮನವಿ ಪರಿಶೀಲನೆಯಲ್ಲಿದೆ.

2. ಮಂಗಳವಾರದ ನಿಯಮ: “ಮೊಟ್ಟೆ ತಿಂದೋರು ಬಿಳಿ ಕಾಲಿನ ಕುದುರೆ ಹತ್ಬಾರ್ದು. ಅಯ್ಯೋ, ನಾನು ಎರಡು ತಿಂದ್ಬಿಟ್ಟೆ ಕಣೇ!” ಇಂಗಳ ಪಾಲಿಗೆ ಬಂದ ಕುದುರೆಯ ನಾಲ್ಕೂ ಕಾಲು ಬಿಳಿಯಾಗಿದ್ದುದು ಕಾಕತಾಳೀಯವೆಂದು ಭಾವಿಸತಕ್ಕದ್ದು. ಡೆಲ್ಫೀನ್ ಇವರು ಈ ನಿಯಮವನ್ನು ಮನಸಾರೆ ನಂಬಿ, ತಿಂಡಿಯ ಮೇಜಿನ ಸುತ್ತ ಗಸ್ತು ತಿರುಗಿ ಎಲ್ಲರ ತಟ್ಟೆ ತಪಾಸಣೆ ಮಾಡಿದರು. ಒಹಾಯೋದ ದಂತವೈದ್ಯರೊಬ್ಬರು ಅರೆಬೆಂದ ಮೊಟ್ಟೆಯೊಂದನ್ನು ಟೊಪ್ಪಿಯೊಳಗೆ ಬಚ್ಚಿಟ್ಟು, ಮರೆತು, ಟೊಪ್ಪಿ ಧರಿಸಿದರು. ತಲೆಯ ಮೇಲೆ ಒಡೆದ ಮೊಟ್ಟೆಯನ್ನು ತಿಂದ ಮೊಟ್ಟೆಯೆಂದು ಪರಿಗಣಿಸತಕ್ಕದ್ದಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

3. ಬುಧವಾರದ ನಿಯಮ: “ದಾರಿ ಚೆನ್ನಾಗಿ ಗೊತ್ತಿರೋರು ಬುತ್ತಿ ಹೊತ್ಕೊಂಡು ಹಿಂದೆ ನಡ್ಕೊಂಡೇ ಬರ್ಬೇಕು. ಅದು ದೊಡ್ಡ ಮರ್ಯಾದೆ.” ಅದರಂತೆ ಇಂಗ ಹದಿನಾರು ಜನರ ಸ್ಯಾಂಡ್‌ವಿಚ್ ಹೊತ್ತು, ಹದಿನಾರು ಕುದುರೆಗಳ ಧೂಳು ಕುಡಿಯುತ್ತ ಎರಡು ಮೈಲಿ ನಡೆದರು. ದಾರಿಯು ಈ ಕಚೇರಿಗೂ ಚೆನ್ನಾಗಿ ಗೊತ್ತಿರುವುದರಿಂದ, ನೆನೆಹಾಕಿದ ಬಟ್ಟೆಯನ್ನು ಹಾಗೆಯೇ ಬಿಟ್ಟು, ನಿಂಬೆ ಪಾನಕದ ಕ್ಯಾನು ಹಿಡಿದು ಕಚೇರಿಯೂ ಜೊತೆಗೆ ನಡೆಯಿತು. ಹಳ್ಳ ದಾಟಿದ ಮೇಲೆ ಸಣ್ಣದೊಂದು ಕೈ ಕಚೇರಿಯ ಕೈಯೊಳಗೆ ಬಂದು ಸೇರಿದ್ದನ್ನು ದಾಖಲಿಸಿಕೊಳ್ಳಲಾಗಿದೆ.

4. ಗುರುವಾರದ ನಿಯಮ: “ಕುದುರೆ ಹೂಂ ಅಂತ ತಲೆ ಆಡಿಸಿದ್ಮೇಲೇನೇ ಹತ್ಬೇಕು. ನಂಗೆ ಯಾವ್ದೂ ಹೂಂ ಅಂತಾನೇ ಇಲ್ವಲ್ಲ, ಏನ್ಮಾಡ್ಲಿ!” ಸಕಲ ಅತಿಥಿಗಳೂ ಟೊಪ್ಪಿ ಕೈಯಲ್ಲಿ ಹಿಡಿದು ಬೇಲಿಯುದ್ದಕ್ಕೂ ಸಾಲಾಗಿ ನಿಂತು, ತಂತಮ್ಮ ಕುದುರೆಗಳ ಒಪ್ಪಿಗೆ ಕೋರಿದರು. ನಿವೃತ್ತ ನ್ಯಾಯಾಧೀಶರೊಬ್ಬರಿಗೆ ನಲವತ್ತು ನಿಮಿಷ ಒಪ್ಪಿಗೆ ದೊರೆಯಲಿಲ್ಲ. ಅವರ ಹೇಳಿಕೆ: “ಮೂವತ್ತು ವರ್ಷ ಜನ ನನ್ನ ಮುಂದೆ ಹೀಗೇ ನಿಲ್ತಿದ್ರು. ಕಾಲು ಇಷ್ಟೊಂದು ನೋಯತ್ತೆ ಅಂತ ಒಬ್ರಾದ್ರೂ ಹೇಳ್ಬಾರ್ದಾ?” ಕೊನೆಗೆ ನೊಣವೊಂದು ಕಿವಿಯ ಮೇಲೆ ಕುಳಿತು, ಕುದುರೆ ಜೋರಾಗಿ ತಲೆ ಆಡಿಸಿತು. ಸದರಿ ನೊಣವನ್ನು ತಾತ್ಕಾಲಿಕ ನೌಕರನೆಂದು ನೇಮಿಸಿಕೊಳ್ಳಲಾಗಿದೆ.

4 (ಅ). ಬಾಲ ಬೀಸುವುದನ್ನು ನಿರಾಕರಣೆಯೆಂದು ಅರ್ಥೈಸತಕ್ಕದ್ದಲ್ಲ.

5. ಡೆಲ್ಫೀನ್ ಇವರು ನಿನ್ನೆ ಸಂಜೆ ಮೇಲ್ಕಂಡ ನಿಯಮಗಳನ್ನೆಲ್ಲ ಲಾಯದ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ತಮ್ಮ ಕಡೆಯಿಂದ ಎರಡನ್ನು ಸೇರಿಸಿದ್ದಾರೆ: ಕುದುರೆ ಸೀನಿದರೆ ಸವಾರರು ಕ್ಷಮೆ ಕೇಳಬೇಕು, ಇಳಿದ ಮೇಲೆ ಕುದುರೆಯ ಕಿವಿಯಲ್ಲಿ ಅಂದಿನ ಸವಾರಿ ಹೇಗಿತ್ತೆಂದು ಹೇಳಬೇಕು. ಎರಡೂ ಮಂಜೂರಾಗಿವೆ. ಅನಂತರ ಅವರು ಇಂಗಳಿಗೆ ಹೀಗೆಂದರು: “ನಿಮ್ಮನೆ ರೂಲ್ಸು ಎಷ್ಟು ಚೆನ್ನಾಗಿವೆ ಕಣೇ! ನಾಳೆ ಒಂದಿನ ನಾವಿಬ್ರೂ ಅಕ್ಕಪಕ್ಕ ಹೋಗೋ ರೂಲ್ಸು ಮಾಡೇ, ಪ್ಲೀಸ್.” ಇಂಗ “ನೋಡೋಣ” ಎಂದು ಹೇಳಿ, ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

(ಬ್ರೆಡ್ ಒಲೆಯಿಂದ ತೆಗೆಯಬೇಕಾದ್ದರಿಂದ ಇಲ್ಲಿ ಕಚೇರಿಯನ್ನು ಎಂಟು ನಿಮಿಷ ಮುಚ್ಚಲಾಗಿತ್ತು.)

6. ಶುಕ್ರವಾರದ ನಿಯಮ: ________________. ಇಂದು ಬೆಳಿಗ್ಗೆ ಇಂಗ ಹಿಟ್ಟಿನ ಡಬ್ಬಿಯ ಮೇಲೆ ಕುಳಿತು, ಬಾಯಿ ತೆರೆದು, ಮೂರು ಪ್ಯಾನ್‌ಕೇಕ್ ತಿಂದು, “ಏನಿಲ್ಲ” ಎಂದು ಎದ್ದುಹೋದರು. ನಿಯಮವೇನೂ ಹೊಳೆದಂತೆ ಕಾಣಲಿಲ್ಲ. ಹಾಗಾಗಿ ಮೇಲಿನ ಜಾಗವನ್ನು ಒಂಬತ್ತು ಗಂಟೆಯವರೆಗೆ ಅವರಿಗಾಗಿ ಖಾಲಿ ಬಿಡಲಾಗಿದೆ. ಅವರು ಏನು ಹೇಳಿದರೂ ಅದೇ ನಿಯಮ. ಇಂದು ಕುದುರೆಗಳನ್ನು ರದ್ದುಪಡಿಸಲಾಗಿದೆ ಎಂದರೆ, ರದ್ದು.

7. ಅಲ್ಲಿಯವರೆಗೆ ಯಾರೂ ಅವರನ್ನು ಹುರಿದುಂಬಿಸತಕ್ಕದ್ದಲ್ಲ, “ಏನೂ ಆಗಲ್ಲ ಬಾ” ಎನ್ನತಕ್ಕದ್ದಲ್ಲ, ಬೆನ್ನು ತಟ್ಟತಕ್ಕದ್ದಲ್ಲ, ಕಣ್ಣಲ್ಲಿ ಕಣ್ಣಿಟ್ಟು ನಗತಕ್ಕದ್ದಲ್ಲ. ವಿಶೇಷವಾಗಿ ಶ್ರೀ ಓರ್ವಿಲ್ ಇವರು ತಾವು ಚಿಕ್ಕವರಿದ್ದಾಗ ಏಳು ಸಲ ಬಿದ್ದ ಕಥೆಯನ್ನು ಹೇಳತಕ್ಕದ್ದಲ್ಲ. ಆ ಕಥೆಯಲ್ಲಿ ಎಡಗಾಲು ಮುರಿಯುತ್ತದೆ.

8. ಮೇಯರ್ ಕುದುರೆಗೆ ಜೀನು ಹಾಕಿ ಅಡುಗೆಮನೆಯ ಕಿಟಕಿಗೆ ಕಾಣುವಂತೆ ಬೇಲಿಯ ಬಳಿ ನಿಲ್ಲಿಸತಕ್ಕದ್ದು. ಇದಕ್ಕೆ ಯಾವ ಕಾರಣವೂ ಇಲ್ಲ. ಯಾರಾದರೂ ವಿಚಾರಿಸಿದಲ್ಲಿ, ಕುದುರೆಯನ್ನು ಒಣಗಲು ಹಾಕಲಾಗಿದೆ ಎಂದು ಉತ್ತರಿಸತಕ್ಕದ್ದು.

ಮೇಲ್ಕಂಡ ನಿಯಮಗಳನ್ನು ಮೀರಿದವರಿಗೆ ಮಧ್ಯಾಹ್ನದ ಸೇಬಿನ ಪೈ ದೊರೆಯುವುದಿಲ್ಲ.

ಸಹಿ/-
(ಕ್ಯಾರಿನ್ ಹಾಲ್ವರ್ಸನ್)
ಅಡುಗೆಮನೆ ಶಾಖಾಧಿಕಾರಿ (ಹೆಚ್ಚುವರಿ ಹೊಣೆ: ಬಟ್ಟೆ, ಕೋಳಿ, ಅಂಚೆ)
ಹಾಗೂ ಇಂಗಳ ತಾಯಿ (ಕಾಯಂ)

ಪ್ರತಿಗಳು:

1. ಶ್ರೀ ಓರ್ವಿಲ್ ಇವರಿಗೆ, ಕುದುರೆಗಳಿಗೆ ಹಚ್ಚುವ ನೋವಿನೆಣ್ಣೆಯ ಸೀಸೆಯೊಂದಿಗೆ. ಅವರೇ ಹಚ್ಚಿಕೊಳ್ಳುತ್ತಾರೆಂಬುದು ಇಲಾಖೆಗೆ ತಿಳಿದಿದೆ.

2. ನಿವೃತ್ತ ನ್ಯಾಯಾಧೀಶರಿಗೆ, ಇನ್ನು ಟೊಪ್ಪಿ ಹಾಕಿಕೊಳ್ಳಬಹುದು ಎಂಬ ಸೂಚನೆಯೊಂದಿಗೆ.

3. ಒಹಾಯೋದ ದಂತವೈದ್ಯರಿಗೆ, ಒಂದು ಬಕೆಟ್ ಬಿಸಿನೀರಿನೊಂದಿಗೆ.

4. ತಾತ್ಕಾಲಿಕ ನೌಕರ ನೊಣಕ್ಕೆ. ವಿಳಾಸ ಲಭ್ಯವಿಲ್ಲದ ಕಾರಣ ಕಿಟಕಿ ತೆರೆದಿಡಲಾಗಿದೆ.

5. ಮೇಯರ್ ಕುದುರೆಗೆ. ಓದಿ ಹೇಳಲಾಯಿತು. ಕಾಗದದ ಒಂದು ಮೂಲೆಯನ್ನು ತಿಂದಿರುವುದರಿಂದ ಸ್ವೀಕೃತಿ ಎಂದು ಪರಿಗಣಿಸಲಾಗಿದೆ.

6. ಕುಮಾರಿ ಡೆಲ್ಫೀನ್ ಇವರಿಗೆ, 1ರಿಂದ 5ರವರೆಗಿನ ಕಂಡಿಕೆಗಳು ಮಾತ್ರ. ಲಾಯದ ಬಾಗಿಲಿಗೆ ಅಂಟಿಸುವುದಾಗಿ ಹೇಳಿ, ಬೇಲಿಯ ಬಳಿ ನಿಂತು ಗಟ್ಟಿಯಾಗಿ ಓದುತ್ತಿದ್ದಾರೆ.

7. ಕುಮಾರಿ ಇಂಗ ಇವರಿಗೆ, ಪೂರ್ಣ ಪ್ರತಿ, ಖುದ್ದಾಗಿ. 8.52ಕ್ಕೆ ತಲುಪಿದೆ. ಸದರಿಯವರು ಮೆಟ್ಟಿಲ ಮೇಲೆ ಕುಳಿತು ಕೊನೆಯವರೆಗೂ ಓದಿದರು. ತಾಯಿಯ ಕಡೆಗೊಮ್ಮೆ ನೋಡಿದರು. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಬೇಲಿಯವರೆಗೆ ನಡೆದುಹೋಗಿ, ಮೇಯರ್‌ನ ಕುತ್ತಿಗೆಯ ಮೇಲೆ ಕೈಯಿಟ್ಟು, ಗೆಳತಿಯ ಕಡೆಗೆ ತಿರುಗಿ, ಅಡುಗೆಮನೆಯ ಕಿಟಕಿಯವರೆಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು: “ಡೆಲ್, ಹೋದ ವರ್ಷ ನಾನು ಇವನ ಮೇಲಿಂದ ಬಿದ್ದಾಗ ಎಲ್ರೂ ನಕ್ಬಿಟ್ರು ಕಣೇ. ಈಗ ಮತ್ತೆ ಬಿದ್ರೆ, ನೀನೂ ನಗ್ತೀಯಾ?”