ಕಪ್ಪು ಬೆಲ್ಟಿಗೆ ಒಂದು ಗೇಣು ಬಾಕಿ

ಕಾಪು ಪೇಟೆಯ ನನ್ನ ಟೈಲರ್ ಅಂಗಡಿಯ ಗೋಡೆಯಲ್ಲಿ ಒಂದು ಕಪ್ಪು ಬೆಲ್ಟ್ ತೂಗುತ್ತಿದೆ. ಅಳತೆ ಕೊಡಲು ಬಂದವರು ಕತ್ತೆತ್ತಿದರೆ ಸಾಕು, ಕಣ್ಣು ಅದರ ಮೇಲೆಯೇ ಬೀಳುತ್ತದೆ. “ಎಂತ ಟೈಲರೇ, ಕರಾಟೆಯದ್ದಾ? ಸಿಗ್ಲಿಕ್ಕೆ ಎಷ್ಟು ವರ್ಷ ಬೇಕಾಯ್ತು?” “ಹನ್ನೊಂದು” ಅಂದರೆ ನಗುತ್ತಾರೆ. ನಗಲಿ. ಆ ಹನ್ನೊಂದು ವರ್ಷದಲ್ಲಿ ನಾನು ಹೊಡೆದದ್ದಕ್ಕಿಂತ ಜನರನ್ನು ನಗಿಸಿದ್ದೇ ಜಾಸ್ತಿ.

ಟರ್ರ್

ತೊಂಬತ್ತರ ದಶಕದ ಕೊನೆಯ ಮಾತು. ಊರಿಗೆ ಹೊಸದಾಗಿ ಬಂದ ಕರಾಟೆ ಮಾಸ್ಟ್ರು ಇಪ್ಪತ್ತು ಮಕ್ಕಳಿಗೆ ಡ್ರೆಸ್ ಹೊಲಿಯಲು ಕೊಟ್ಟರು. ಬಹಳ ಮೆತ್ತಗೆ ಮಾತಾಡುವ ಜನ. “ಕಾಲು ಸ್ವಲ್ಪ ಮೇಲೆ ಹೋಗ್ತದೆ, ಸಡಿಲ ಇರಲಿ” ಅಂದರು. ನನಗೆ ಆಗ ಇಪ್ಪತ್ತೊಂಬತ್ತು. ನನಗಿಂತ ಚೆನ್ನಾಗಿ ಪ್ಯಾಂಟ್ ಹೊಲಿಯುವವನು ಉಡುಪಿಯಿಂದ ಈಚೆಗೆ ಇಲ್ಲ ಅಂತ ನಂಬಿದ್ದವನು. ಮಕ್ಕಳು ಶಿಸ್ತಾಗಿ ಕಾಣಲಿ ಎಂದು ಮೈಗೆ ಹಿಡಿದ ಹಾಗೆ ಹೊಲಿದು ಕೊಟ್ಟೆ.

ಮರುದಿನವೇ ಮಾಸ್ಟ್ರು ಒಂದು ಮೂಟೆ ಹೊತ್ತು ಬಂದರು. “ಮೊದಲನೇ ಕಿಕ್ಕಿಗೇ ಇಪ್ಪತ್ತು ಪ್ಯಾಂಟೂ ಒಟ್ಟಿಗೇ ಟರ್ರ್ ಅಂದವು. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಬೆನ್ನು ಹಾಕಿ ಮನೆಗೆ ಹೋದರು” ಎಂದರು. ಬೈಯಲಿಲ್ಲ. “ನೀವು ಒಮ್ಮೆ ಕ್ಲಾಸಿಗೆ ಬನ್ನಿ, ಕಾಲು ಎಲ್ಲಿಯವರೆಗೆ ಹೋಗ್ತದೆ ಅಂತ ನೋಡಿ” ಎಂದರು, ಅಷ್ಟೇ.

ನೋಡಲು ಹೋದವನು ಅಲ್ಲಿಯೇ ಸೇರಿಬಿಟ್ಟೆ. “ಕಪ್ಪು ಬೆಲ್ಟಿಗೆ ಎಷ್ಟು ಸಮಯ ಮಾಸ್ಟ್ರೇ?” ಅಂದೆ. “ತಪ್ಪದೆ ಬಂದರೆ ನಾಲ್ಕು ವರ್ಷ” ಅಂದರು. ನನ್ನ ಕಿವಿಗೆ ಬಿದ್ದದ್ದು “ನಾಲ್ಕು ವರ್ಷ” ಮಾತ್ರ.

ಮನೆಯಲ್ಲಿ ಹೇಳಿದರೆ ಅಮ್ಮ ಮೀನು ಕೊಯ್ಯುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. “ಟೈಪಿಂಗ್ ಕ್ಲಾಸು ಮೂರು ತಿಂಗಳಿಗೆ ಬಿಟ್ಟೆ. ಹಾರ್ಮೋನಿಯಂ ಹದಿನೈದು ದಿನ. ಹಿಂದಿನ ಬಚ್ಚಲಿಗೆ ಅರ್ಧ ಗೋಡೆ ಕಟ್ಟಿ ಐದು ವರ್ಷ ಆಯ್ತು. ನೀನು ಹುಟ್ಟಿದಂದಿನಿಂದ ಒಂದನ್ನಾದರೂ ಮುಗಿಸಿದ್ದು ಉಂಟಾ ಮಾರಾಯ?”

ಆ ಮಾತು ನೆಟ್ಟಗೆ ಹೋಗಿ ನಾಟಿತು. ಇದನ್ನಾದರೂ ಮುಗಿಸಿ ಅಮ್ಮನ ಎದುರು ನಿಲ್ಲಬೇಕು ಅಂತ ಹಟ ಹಿಡಿಯಿತು. ಅಂದೇ ಅಂಗಡಿಗೆ ಹೋಗಿ, ಟೇಪನ್ನು ನನ್ನ ಸೊಂಟಕ್ಕೇ ಹಿಡಿದು, ಎರಡು ಸುತ್ತು, ಒಂದು ಗಂಟಿನ ಅಳತೆಗೆ ಸರಿಯಾಗಿ ಕಪ್ಪು ಬೆಲ್ಟೊಂದನ್ನು ಹೊಲಿದು ಮೆಶಿನಿನ ಡ್ರಾವರಿನಲ್ಲಿ ಇಟ್ಟೆ. ನಾಲ್ಕು ವರ್ಷದ ಮೇಲೆ ಬೇಕಾಗುತ್ತದಲ್ಲ!

ನನ್ನ ಸೀನಿಯರ್

ಕ್ಲಾಸಿನಲ್ಲಿ ವಯಸ್ಸಿಗೆ ಬೆಲೆ ಇಲ್ಲ, ಬೆಲ್ಟಿನ ಬಣ್ಣಕ್ಕೆ ಮಾತ್ರ. ನನ್ನದು ಬಿಳಿ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿಯದ್ದು ಹಳದಿ. ಹಾಗಾಗಿ ಅವಳು ಸೀನಿಯರ್. ಅವಳನ್ನು ಕಂಡರೆ ನಾನು ಬಗ್ಗಿ ನಮಸ್ಕರಿಸಬೇಕು, ಹೇಳಿದ್ದನ್ನು ಮಾಡಬೇಕು.

ಒಂದು ದಿನ ಅವಳ ಅಮ್ಮ ರವಿಕೆ ಕೇಳಲು ಅಂಗಡಿಗೆ ಬಂದರು. ಇವಳೂ ಜೊತೆಗಿದ್ದಳು. “ನಾಳೆ ಕೊಡ್ತೇನೆ ಅಕ್ಕ” ಎಂದೆ, ಎಲ್ಲರಿಗೂ ಹೇಳುವ ಹಾಗೆ.

ಹುಡುಗಿ ಸ್ಟೂಲಿನಿಂದ ಇಳಿದಳು. “ಹೋದ ವಾರವೂ ನಾಳೆ ಅಂದಿದ್ರಿ. ಅದರ ಹಿಂದಿನ ವಾರವೂ. ಇಪ್ಪತ್ತು ಪುಶ್-ಅಪ್.”

ಅಂಗಡಿಯಲ್ಲಿ ಇನ್ನೂ ನಾಲ್ಕು ಗಿರಾಕಿಗಳಿದ್ದರು. ಏನು ಮಾಡುವುದು, ನಿಯಮ ನಿಯಮವೇ. ಬಟ್ಟೆ ತುಂಡುಗಳ ನಡುವೆ ಮಲಗಿ ಇಪ್ಪತ್ತನ್ನೂ ಮಾಡಿದೆ. ಅವಳು ಒಂದೊಂದಾಗಿ ಎಣಿಸಿದಳು; ಹದಿಮೂರನೆಯದು ಸರಿಯಾಗಲಿಲ್ಲ ಅಂತ ಇನ್ನೊಮ್ಮೆ ಮಾಡಿಸಿದಳು. ರವಿಕೆ ಆ ಸಂಜೆಯೇ ರೆಡಿ. ಅಲ್ಲಿದ್ದ ನಾಲ್ವರೂ ಮರುದಿನ ತಮ್ಮ ತಮ್ಮ ಮನೆಯ ಮಕ್ಕಳನ್ನು ಕರಾಟೆಗೆ ಸೇರಿಸಿದರು.

ಕಲ್ಯಾಣಪುರದ ಮದುಮಗ

ನಾಲ್ಕು ವರ್ಷ ಹನ್ನೊಂದು ಆದದ್ದು ಹೇಗೆ ಅಂದರೆ, ಬೆಲ್ಟ್ ಪರೀಕ್ಷೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಪರೀಕ್ಷಕರು ಮುಂಬಯಿಯಿಂದ ಬರುವುದು ರಜೆಗೆ. ಟೈಲರಿಗೆ ಮೇ ತಿಂಗಳು ಅಂದರೆ ಮದುವೆಯ ಬಟ್ಟೆ, ಶಾಲೆಯ ಯೂನಿಫಾರ್ಮ್, ಉಸಿರಾಡಲು ಪುರುಸೊತ್ತಿಲ್ಲ. ಒಂದೊಂದು ಬಣ್ಣಕ್ಕೂ ಎರಡೆರಡು ಮೇ ತಿಂಗಳು ಹೋದವು.

ಕಂದು ಬೆಲ್ಟಿಗೆ ಬಂದ ಮೇಲೆ ಒಂದು ವರ್ಷ ಗಟ್ಟಿ ಮನಸ್ಸು ಮಾಡಿ ಪರೀಕ್ಷೆಗೆಂದು ಮಣಿಪಾಲಕ್ಕೆ ಹೊರಟೆ. ಅಂದೇ ಕಲ್ಯಾಣಪುರದ ಇಗರ್ಜಿಯಲ್ಲಿ ಒಬ್ಬ ಗಿರಾಕಿಯ ಮದುವೆ. ಅವನ ಸೂಟನ್ನು ಬೆಳಿಗ್ಗೆಯೇ ಬಸ್ಸಿನಲ್ಲಿ ಕಳಿಸಿದ್ದೆ. ಪರೀಕ್ಷೆಯ ಹಾಲಿನಲ್ಲಿ ನನ್ನ ಚೀಲ ಬಿಚ್ಚಿ ನೋಡುತ್ತೇನೆ, ಕರಿ ಕೋಟು, ಕರಿ ಪ್ಯಾಂಟು, ಎದೆಗೆ ಸಿಕ್ಕಿಸುವ ಹೂವು!

ಅಯ್ಯೋ ದೇವರೇ ಅಂತ ಓಡಿದೆ. ಮಣಿಪಾಲದಿಂದ ರಿಕ್ಷಾ ಹಿಡಿದು ಕಲ್ಯಾಣಪುರ ಮುಟ್ಟುವಾಗ ಮದುಮಗ ಬನಿಯನ್ನಿನಲ್ಲಿ ಕೂತಿದ್ದ. ಮಂಚದ ಮೇಲೆ ನನ್ನ ಕರಾಟೆ ಡ್ರೆಸ್ಸು, ಅದರ ಮೇಲೆ ನನ್ನ ಬೆಲ್ಟು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕ್ಷಮೆ ಕೇಳಿ ಡ್ರೆಸ್ಸಿಗೆ ಕೈ ಹಾಕಿದೆ. ಮದುಮಗನ ಅಪ್ಪ ತಡೆದರು. “ಅದೂ ಇರಲಿ ಮಾರಾಯ. ಸೂಟು ಇವತ್ತು ಒಂದು ದಿನಕ್ಕೆ. ನಾಳೆಯಿಂದ ಅವನಿಗೆ ಇದೇ ಬೇಕಾಗುವುದು.”

ಹೊಟ್ಟೆ ತುಂಬ ಊಟ ಹಾಕಿ ಕಳಿಸಿದರು. ಆ ವರ್ಷವೂ ಹೋಯಿತು.

ಕಾರ್ಕಳದ ಬಸ್ಸು

ಒಮ್ಮೆ ಕಾರ್ಕಳದಿಂದ ಬರುವಾಗ ಬಸ್ಸಿನಲ್ಲಿ ಇಬ್ಬರು ಸೀಟಿಗಾಗಿ ಕಾಲರ್ ಹಿಡಿದುಕೊಂಡರು. ಕಂಡಕ್ಟರ್ ನನ್ನನ್ನು ಬಲ್ಲವನು. “ದಾರಿ ಬಿಡಿ, ಕರಾಟೆಯವರು ಇದ್ದಾರೆ!” ಎಂದು ಕೂಗಿ ನನ್ನನ್ನು ಮುಂದೆ ದೂಡಿದ. ಮುಷ್ಟಿ ಕಟ್ಟಿ ನಿಂತೆ.

ಒಬ್ಬ ನನ್ನನ್ನು ದಿಟ್ಟಿಸಿದ. “ಟೈಲರೇ, ನನ್ನ ಪ್ಯಾಂಟ್ ಎಲ್ಲಿ?”

ಇನ್ನೊಬ್ಬ ಅವನ ಕಾಲರ್ ಬಿಟ್ಟ. “ನಿಮ್ಮದೂ ಕೊಡ್ಲಿಲ್ವಾ? ನನ್ನ ಎರಡು ಶರ್ಟು ಉಂಟು ಇವರ ಹತ್ರ!”

ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ನನಗೆ ಬೈಯತೊಡಗಿದರು. ನಾನು ಕಾಪು ಬರುವ ಮೊದಲೇ, ಶಿರ್ವದಲ್ಲೇ ಇಳಿದೆ. ಮಾಸ್ಟ್ರಿಗೆ ಹೇಳಿದರೆ, “ಕೈ ಎತ್ತದೆ ಜಗಳ ನಿಲ್ಲಿಸಿದ್ದೀರಿ. ಅದೇ ಕಲೀಬೇಕಾದ್ದು” ಎಂದರು. ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಬೆಲ್ಟ್ ತಂದಿದ್ದೀರಾ?

ಹನ್ನೊಂದನೇ ವರ್ಷದ ಮೇ ತಿಂಗಳಲ್ಲಿ ಅಂಗಡಿಗೆ ಎರಡು ದಿನ ಬೀಗ ಹಾಕಿ ಹೋದೆ. ಅಮ್ಮನೂ ಬಂದರು, ಮೊದಲ ಸಾಲಿನಲ್ಲಿ ಕೊಡೆ ಹಿಡಿದು ಕೂತರು. ಕಾಲೇಜು ಹುಡುಗರ ಹತ್ತಿರ ಪೆಟ್ಟು ತಿಂದು, ಏದುಸಿರು ಬಿಟ್ಟು, ನಲವತ್ತನೇ ವಯಸ್ಸಿನಲ್ಲಿ ಪಾಸಾದೆ. ಹೆಸರು ಕೂಗಿದಾಗ ಮೊದಲು ಚಪ್ಪಾಳೆ ಹೊಡೆದವಳು ಆ ಹಳದಿ ಬೆಲ್ಟಿನ ಹುಡುಗಿ. ಈಗ ಅವಳೂ ಕಾಲೇಜು, ಕಪ್ಪು ಬೆಲ್ಟು ಕಟ್ಟಿ ಆರು ವರ್ಷ.

ಪಾಸಾದವರ ಸೊಂಟಕ್ಕೆ ಮಾಸ್ಟ್ರೇ ಬೆಲ್ಟ್ ಕಟ್ಟುವುದು ಪದ್ಧತಿ. “ಬೆಲ್ಟ್ ತಂದಿದ್ದೀರಾ?” ಎಂದರು. ಡ್ರಾವರಿನಲ್ಲಿ ಹನ್ನೊಂದು ವರ್ಷ ಕಾದಿದ್ದ ಬೆಲ್ಟನ್ನು ಎದೆಯುಬ್ಬಿಸಿ ಕೊಟ್ಟೆ.

ಮಾಸ್ಟ್ರು ಒಂದು ಸುತ್ತು ತಂದರು. ಎರಡನೇ ಸುತ್ತು ತಂದರು. ಎರಡು ತುದಿಗಳೂ ಹೊಟ್ಟೆಯ ಮೇಲೆ ಬಂದು ಮುಖ ಮುಖ ನೋಡಿಕೊಂಡವು. ಗಂಟಿಗೆ ಬಟ್ಟೆಯೇ ಇಲ್ಲ. “ಉಸಿರು ಎಳ್ಕೊಳ್ಳಿ” ಎಂದರು. ಎಳೆದುಕೊಂಡೆ. ಹೇಗೋ ಒಂದು ಗಂಟು ಬಿತ್ತು. ಉಸಿರು ಬಿಟ್ಟೆ, ಅದೂ ಬಿಚ್ಚಿಕೊಂಡಿತು. ಮುಂಬಯಿಯ ಪರೀಕ್ಷಕರು ಗೋಡೆ ಕಡೆ ತಿರುಗಿ ನಿಂತರು, ಭುಜ ಕುಲುಕುತ್ತಿತ್ತು. ಊರಿನ ಮಕ್ಕಳಿಗೆಲ್ಲ “ಬೆಳೆಯುವ ಮೈ, ಒಳಗೆ ಬಟ್ಟೆ ಬಿಟ್ಟಿದ್ದೇನೆ” ಎನ್ನುವ ನಾನು ನನ್ನ ಸೊಂಟಕ್ಕೆ ಮಾತ್ರ ಒಂದಿಂಚೂ ಬಿಟ್ಟಿರಲಿಲ್ಲ.

ಮಾಸ್ಟ್ರು ನಗಲಿಲ್ಲ. ತಮ್ಮ ಸೊಂಟದ ಬೆಲ್ಟ್ ಬಿಚ್ಚಿದರು. ಕಟ್ಟಿ ಕಟ್ಟಿ ಅಂಚೆಲ್ಲ ಬಿಳಿಯಾಗಿದ್ದ ಬೆಲ್ಟು. ಅದನ್ನು ನನಗೆ ಸುತ್ತಿ, ಗಂಟು ಹಾಕಿ, ನನಗೆ ಬಗ್ಗಿ ನಮಸ್ಕರಿಸಿದರು. ಪ್ಯಾಂಟ್ ಹರಿದರೂ ಬೈಯದೆ ನನ್ನನ್ನು ಒಳಗೆ ಕರೆದವರು, ಏಳು ಮೇ ತಿಂಗಳು ತಪ್ಪಿಸಿದರೂ “ಬರುವ ವರ್ಷ ಬನ್ನಿ” ಅಂದವರು. ಅವರ ಋಣ ನನ್ನಿಂದ ತೀರುವುದಲ್ಲ. ನಾಚಿಕೆ ಬಿಟ್ಟು ಅತ್ತೆ.

ಅಮ್ಮ ಎದ್ದು ಬಂದರು. ಸೆರಗಿನಲ್ಲಿ ನನ್ನ ಮುಖ ಒರೆಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. ನೆಲಕ್ಕೆ ಬಿದ್ದಿದ್ದ ನನ್ನ ಬೆಲ್ಟನ್ನು ಎತ್ತಿಕೊಂಡು, ನನ್ನ ಹೊಟ್ಟೆಗೊಮ್ಮೆ ಹಿಡಿದು, ಕಡಿಮೆ ಬಿದ್ದದ್ದನ್ನು ಕೈಯಲ್ಲಿ ಅಳೆದರು. ಆಮೇಲೆ ಮಾಸ್ಟ್ರ ಕಡೆ ತಿರುಗಿ ಹೇಳಿದರು:

“ನನ್ನ ಮಗ ಒಂದನ್ನಾದರೂ ಮುಗಿಸಿದ ಅಂತ ಖುಷಿಯಲ್ಲಿ ಬಂದೆ ಮಾಸ್ಟ್ರೇ. ನೋಡಿದ್ರೆ ಇದೂ ಒಂದು ಗೇಣು ಬಾಕಿ ಉಂಟಲ್ಲ!”