ಅಳತೆ ಸಾಹೇಬರು ಚಕ್ರ ನೇರ ಮಾಡಿದ್ದು

“ನನ್ನ ಗಾಡಿಯ ಚಕ್ರ ನೆಟ್ಟಗಿದೆಯೋ ಸೊಟ್ಟಗಿದೆಯೋ ಅಂತ ಇನ್ನೊಬ್ಬನ ಹತ್ತಿರ ಹೋಗಿ ಕೇಳ್ಬೇಕಾ? ನಾನು? ಇಡೀ ಊರಿನ ತಕ್ಕಡಿ ನೆಟ್ಟಗೆ ಮಾಡಿದವನು?”

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಅಳತೆ ಸಾಹೇಬರು ಹೀಗೆ ಘರ್ಜಿಸಿದಾಗ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ಒಬ್ಬಳು ಅವರ ಹೆಂಡತಿ. ಇನ್ನೊಂದು, ಮೂಲೆಯಲ್ಲಿ ವರ್ಷಗಳಿಂದ ಸೋರುತ್ತಿದ್ದ ನಲ್ಲಿ. ನಲ್ಲಿ ಮಾತ್ರ ತೊಟ್ಟು ತೊಟ್ಟಾಗಿ ಉತ್ತರ ಕೊಡುತ್ತಿತ್ತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ತರಕಾರಿಯವಳ ತೂಕದ ಕಲ್ಲು ಒಂದು ಚೂರು ಸವೆದಿದ್ದರೆ, ಬಟ್ಟೆ ಅಂಗಡಿಯ ಮೀಟರ್ ಕಡ್ಡಿ ಕೂದಲೆಳೆಯಷ್ಟು ಮೋಟಾಗಿದ್ದರೆ, ಮಾರು ದೂರದಿಂದಲೇ ಮೂಸಿ ಹಿಡಿದು ದಂಡ ಹಾಕುವ ಮಹಾನುಭಾವರು! ಹೊರಗೆ ಅಂಥ ಹುಲಿ. ಮನೆಯಲ್ಲೂ ಹುಲಿಯೇ ಎಂದು ಅವರು ನಂಬಿದ್ದರು.

ಗಾಡಿಯೆಂದರೆ ಪಿಕಪ್ ಟ್ರಕ್ಕು. ಕೊಂಡದ್ದು ಹೆಂಡತಿಯ ಕೆಲಸಕ್ಕೆ. ಅವಳು ಮುಂಗೋಣೆಯಲ್ಲಿ ಕುಳಿತು ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಾಳೆ, ಹೊಲಿದದ್ದನ್ನು ಒಯ್ದು ಕಟ್ಟಿ ಬರುತ್ತಾಳೆ. ಹೆಸರಿಗೆ ಗಾಡಿ ಅವಳದು, ಸ್ಟೀರಿಂಗ್ ಮಾತ್ರ ಸಾಹೇಬರದು. ಎಲ್ಲ ಚೆನ್ನಾಗಿಯೇ ಇತ್ತು. ಒಂದು ದಿನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಆರಡಿ ಆಳು, ಬಂದವನು ಗಾಡಿಯ ತಲೆಯ ಮೇಲೆ ಮೊಣಕೈ ಊರಿಕೊಂಡು, “ಗಾಡಿ ಸ್ವಲ್ಪ ಕುಳ್ಳಾಯ್ತಲ್ಲಾ ಅಣ್ಣ. ಇರ್ಲಿ ಬಿಡಿ, ನಿಮಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ” ಎಂದುಬಿಟ್ಟ.

ಐದಡಿ ಎರಡಿಂಚಿನ ಸಾಹೇಬರಿಗೆ ಅಂದು ಊಟ ಸೇರಲಿಲ್ಲ. ಮುಂದಿನ ವಾರವೇ ಗ್ಯಾರೇಜಿಗೆ ಹೋಗಿ ಹೊಸ ಸ್ಪ್ರಿಂಗು ಹಾಕಿಸಿ ಗಾಡಿಯ ಸಸ್ಪೆನ್ಷನ್ನನ್ನು ನಾಲ್ಕಿಂಚು ಎತ್ತಿಸಿಕೊಂಡು ಬಂದರು. ಸಸ್ಪೆನ್ಷನ್ ಎಂದರೆ ಸರ್ಕಾರಿ ನೌಕರನ ಎದೆ ಹೊಡೆದುಕೊಳ್ಳುತ್ತದೆ, ಸಾಹೇಬರ ಎದೆ ಉಬ್ಬಿತು!

“ಹೇಗಿದೆ?” ಎಂದರು.

“ಗಾಡಿ ಬೆಳೆದಿದೆ. ನೀವು ಅಷ್ಟೇ ಇದ್ದೀರಿ” ಎಂದಳು ಹೆಂಡತಿ. ಅಂದಿನಿಂದ ಅವಳು ಗಾಡಿ ಹತ್ತಲು ಅಡುಗೆಮನೆಯ ಸ್ಟೂಲು ತರಬೇಕಾಯಿತು. ಇಳಿಯಲೂ ಬೇಕಲ್ಲ, ಸ್ಟೂಲು ಜೊತೆಯಲ್ಲೇ ಪ್ರಯಾಣ ಮಾಡತೊಡಗಿತು.

ಗ್ಯಾರೇಜಿನವನು ಕಳಿಸುವಾಗ ಒಂದು ಮಾತು ಹೇಳಿದ್ದ: “ಸಾರ್, ಗಾಡಿ ಎತ್ತಿದ ಮೇಲೆ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಇಲ್ಲಾಂದ್ರೆ ಟೈರು ಉಳಿಯಲ್ಲ.” ಅದು ನಿಜವೇ. ಸ್ಟೀರಿಂಗನ್ನು ಎಡಕ್ಕೆ ಒಂದಿಷ್ಟು ತಿರುಗಿಸಿ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಹೆಂಡತಿ ಬೇಡಿಕೊಂಡಳು.

“ರೀ, ಇವತ್ತೇ ಅಲೈನ್‌ಮೆಂಟ್ ಅಂಗಡಿಗೆ ತೋರಿಸಿಬಿಡಿ. ನಾಳೆ ಹತ್ತು ಗಂಟೆಗೆ ಪರದೆ ತಲುಪಬೇಕು.”

ನಲವತ್ತೆರಡು ಪರದೆಗಳು. ಹೊಸ ಶಾಲೆಯ ಸಭಾಂಗಣಕ್ಕೆ, ಶನಿವಾರದ ಉದ್ಘಾಟನೆಯ ಸಮಾರಂಭಕ್ಕೆಂದು. ಎರಡು ತಿಂಗಳು ಕಣ್ಣು ನೋಯಿಸಿಕೊಂಡು ಹೊಲಿದದ್ದು. ಅವಳ ಹೆಸರಿನಲ್ಲೇ ಬಂದ ಮೊದಲ ದೊಡ್ಡ ಕೆಲಸ ಅದು. ಸಭಾಂಗಣದ ಕೆಲಸ ಒಪ್ಪಿಗೆಯಾದರೆ ಶಾಲೆಯ ಎಲ್ಲ ಕೋಣೆಗಳ ಕೆಲಸವೂ ಅವಳಿಗೇ ಎಂದು ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದರು. ಆ ಆಸೆಯಲ್ಲಿ ಅವಳು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅದಕ್ಕೇ ಸಾಹೇಬರ ಆ ಘರ್ಜನೆ.

ವಿಧಾನ ಸರಳ. ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಚಕ್ರದ ಮುಂಭಾಗದಲ್ಲಿ ಒಮ್ಮೆ, ಹಿಂಭಾಗದಲ್ಲಿ ಒಮ್ಮೆ ಅಳೆಯಬೇಕು. ಎರಡೂ ಒಂದೇ ಬಂದರೆ ಚಕ್ರ ನೇರ. ಹೊಲಿಗೆ ಯಂತ್ರದ ಮುಂದಿನಿಂದ ಹೆಂಡತಿಯನ್ನು ಎಬ್ಬಿಸಿ ತಂದು, ಅವಳ ಸೀಮೆಸುಣ್ಣದಿಂದಲೇ ಟೈರಿಗೆ ಗುರುತು ಹಾಕಿ, ಇಲಾಖೆಯ ಮುದ್ರೆಯಿದ್ದ ಉಕ್ಕಿನ ಟೇಪನ್ನು ಕತ್ತಿಯಂತೆ ಹಿರಿದರು. ಮುಂಭಾಗ: ಐವತ್ತೈದು ಇಂಚು!

ಹಿಂಭಾಗದಲ್ಲಿ ಇಂಜಿನ್ನಿನ ಕೆಳಗಿನ ಕಬ್ಬಿಣಗಳು ಅಡ್ಡ ಬಂದವು. ಉಕ್ಕಿನ ಟೇಪು ಬಾಗಲಿಲ್ಲ. ಇಲಾಖೆಯದಲ್ಲವೇ, ಬಾಗಿ ಅಭ್ಯಾಸವಿಲ್ಲ. ಸಾಹೇಬರು ಹೆಂಡತಿಯ ಕೊರಳಲ್ಲಿ ಸದಾ ನೇತಾಡುವ ಬಟ್ಟೆ ಟೇಪನ್ನು ಸರಕ್ಕನೆ ಎಳೆದುಕೊಂಡರು.

“ರೀ, ಆ ಟೇಪು...”

“ಶ್! ಅಳತೆ ಹೊತ್ತಲ್ಲಿ ಮಾತು ಬೇಡ. ತುದಿ ಸರಿಯಾಗಿ ಗುರುತಿಗೆ ಇಡು.”

“ಇಡ್ತೀನಿ. ಆದ್ರೆ ಅದರ ತುದಿ...”

“ಇಪ್ಪತ್ತು ವರ್ಷದ ಸರ್ವಿಸ್ ನಂದು! ತುದಿ ಯಾವುದು ಬುಡ ಯಾವುದು ಅಂತ ನೀನು ಹೇಳಿಕೊಡ್ತೀಯಾ?”

ಅವಳು ತುದಿಯನ್ನು ಗುರುತಿಗಿಟ್ಟಳು. ಹಿಂಭಾಗ: ಐವತ್ತಾರು! “ನೋಡಿದ್ಯಾ, ಪೂರಾ ಒಂದಿಂಚು ವ್ಯತ್ಯಾಸ! ಅಂಗಡಿಯವನಿಗೆ ಇದು ಹೊಳೆಯೋದಿತ್ತಾ?” ಎಂದು ಸಾಹೇಬರು ಗಾಡಿಯಡಿ ತೂರಿಕೊಂಡು, ಸ್ಪ್ಯಾನರ್ ಹಿಡಿದು ಮೂರು ಗಂಟೆ ಎರಡು ಚಕ್ರಗಳನ್ನು ಕೂಡಿಸುವ ರಾಡು ತಿರುಗಿಸಿದರು. ಕೊನೆಗೆ ಎರಡೂ ಕಡೆ ಐವತ್ತೈದೂವರೆ ಬಂತು. ಎಣ್ಣೆ ಮೆತ್ತಿದ ಮುಖದಲ್ಲಿ ಎದ್ದು ಬಂದು, “ಅಳತೆ ಅಂದ್ರೆ ಇದು!” ಎಂದರು.

ಶನಿವಾರ ಒಂಬತ್ತಕ್ಕೆ ಪರದೆಗಳ ಗಂಟು ಹೇರಿ ಹೊರಟರು. ಗಾಡಿ ಬೀದಿಗಿಳಿದದ್ದೇ ತಡ, ಎತ್ತು ಏರಿಗೆ ಕೋಣ ನೀರಿಗೆ! ಎಡಚಕ್ರ ಚರಂಡಿಯ ಕಡೆ, ಬಲಚಕ್ರ ಎದುರಿನ ಬಸ್ಸಿನ ಕಡೆ. ಟೈರುಗಳು ರಸ್ತೆಯುದ್ದಕ್ಕೂ ಕುಯ್ಯೋ ಎಂದು ಅಳುತ್ತಿದ್ದವು.

“ರೀ, ಏನೋ ಸುಟ್ಟ ವಾಸನೆ.”

“ಹೊಸ ಸ್ಪ್ರಿಂಗು. ಹೊಸದು ಹಾಗೇ ವಾಸನೆ ಬರುತ್ತೆ.”

“ಗಾಡಿ ಓಲಾಡ್ತಾ ಇದೆ.”

“ರಸ್ತೆ ಸರಿಯಿಲ್ಲ!”

“ನಿಲ್ಲಿಸಿ, ಇಳಿದು ನೋಡೋಣ.”

“ನಿಲ್ಲಿಸಿದ್ರೆ ನಿನಗೇ ಲೇಟು!”

ಪೆಟ್ರೋಲ್ ಬಂಕಿನ ತಿರುವಿನಲ್ಲಿ ಎಡಟೈರು ಢಮ್ ಎಂದಿತು. ಗಾಡಿ ಫುಟ್‌ಪಾತಿನ ಮೇಲೆ ಹತ್ತಿ ನಿಂತಿತು. ನಿಂತದ್ದೆಲ್ಲಿ? ಸರಿಯಾಗಿ ಒಂದು ವ್ಹೀಲ್ ಅಲೈನ್‌ಮೆಂಟ್ ಅಂಗಡಿಯ ಎದುರು! ಹೊರಬಂದ ಅಂಗಡಿಯವನನ್ನು ನೋಡಿ ಸಾಹೇಬರು ಮುಖವನ್ನು ಸ್ಟೀರಿಂಗಿನ ಹಿಂದೆ ತಗ್ಗಿಸಿದರು. ಗಾಳಿ ತುಂಬುವ ಮೀಟರು ಎರಡು ಗೆರೆ ತಪ್ಪು ತೋರಿಸುತ್ತದೆಂದು ಮೂರು ತಿಂಗಳ ಹಿಂದೆ ಅವರೇ ದಂಡ ಹಾಕಿದ್ದ ಆಸಾಮಿ.

“ಬನ್ನಿ ಸಾಹೇಬ್ರೇ” ಎಂದ ಅವನು, ಕೊಂಬಿಗೆ ಬೆಲ್ಲ ಸವರಿದ ಹಾಗೆ. “ನಮ್ಮ ಮೀಟರ್ ಈಗ ಸರಿಯಾಗಿದೆ.”

ಹೆಂಡತಿ ಯಾರನ್ನೂ ಬೈಯಲಿಲ್ಲ. ತಂಗಿಗೆ ಫೋನು ಮಾಡಿದಳು. ಷಡ್ಡಕ ತನ್ನ ಪುಟ್ಟ ಕಾರಿನಲ್ಲಿ ಬಂದು ಗಂಟುಗಳನ್ನು ತುರುಕಿಕೊಳ್ಳುವ ಹೊತ್ತಿಗೆ ಹತ್ತೂಕಾಲು. “ನಿಮ್ಮ ಗಾಡಿ ನಿಜವಾಗ್ಲೂ ಎತ್ತರ ಆಗಿದೆ ಅಣ್ಣ. ನಿಂತಲ್ಲೇ ನಿಂತಿದ್ರೆ ಇನ್ನೂ ಚೆಂದ” ಎಂದು ಹೊರಟುಹೋದ. ಅದೇ ಕಾರಿನಲ್ಲಿ ಹೋದ ಹೆಂಡತಿ ತಿರುಗಿ ನೋಡಲಿಲ್ಲ. ಅವಳ ಸ್ಟೂಲು, ಟೇಪು ಎರಡೂ ಗಾಡಿಯಲ್ಲೇ ಉಳಿದವು.

ಅಂಗಡಿಯವನು ಬೇರೆ ಚಕ್ರ ಹಾಕಿ, ಗಾಡಿಯನ್ನು ಯಂತ್ರದ ಮೇಲೆ ಹತ್ತಿಸಿ ಕಂಪ್ಯೂಟರಿನಲ್ಲಿ ಮೂಡಿದ ಕೆಂಪು ಅಂಕಿಗಳನ್ನು ನೋಡಿದ. ಮತ್ತೊಮ್ಮೆ ನೋಡಿದ.

“ಎರಡೂ ಚಕ್ರ ಒಂದಕ್ಕೊಂದು ಮುಖ ತಿರುಗಿಸ್ಕೊಂಡಿವೆ ಸಾಹೇಬ್ರೇ. ಹತ್ತಿರ ಹತ್ತಿರ ಒಂದಿಂಚು! ಗಾಡಿ ಎತ್ತಿಸಿದ್ರಿಂದ ಇಷ್ಟು ಆಗಲ್ಲ. ಯಾರೋ ಕೂತು ಮಾಡಿರೋ ಕೆಲಸ ಇದು.”

“ಸಾಧ್ಯವೇ ಇಲ್ಲ! ಎರಡೂ ಕಡೆ ಅಳೆದಿದ್ದೀನಿ. ಮುಂದೆ ಇದರಲ್ಲಿ, ಹಿಂದೆ ಅದರಲ್ಲಿ” ಎಂದು ಸಾಹೇಬರು ಗಾಡಿಯಿಂದ ಎರಡೂ ಟೇಪು ತೆಗೆದು ಕೊಟ್ಟರು.

ಅವನು ಎರಡೂ ಟೇಪುಗಳನ್ನು ಮೇಜಿನ ಮೇಲೆ ತುದಿಗೆ ತುದಿ ಜೋಡಿಸಿಟ್ಟ. ಉಕ್ಕಿನದು ಸೊನ್ನೆಯಿಂದ ಶುರುವಾಗಿತ್ತು. ಬಟ್ಟೆಯದು ಒಂದರಿಂದ.

“ಇದಕ್ಕೆ ಮೊದಲನೇ ಇಂಚೇ ಇಲ್ವಲ್ಲ ಸಾಹೇಬ್ರೇ! ಇಂಥದ್ದಕ್ಕೆ ದಂಡ ಎಷ್ಟು?”

ಸಾಹೇಬರು ಬುಸುಗುಡುತ್ತಾ ಹೆಂಡತಿಗೆ ಫೋನು ಮಾಡಿದರು. “ನಿನ್ನ ಟೇಪಿಗೆ ಒಂದಿಂಚು ಇಲ್ಲ ಅನ್ನೋದು ನಿನಗೆ ಗೊತ್ತಾ?”

“ಗೊತ್ತು. ಹನ್ನೊಂದು ವರ್ಷದಿಂದ ಇಲ್ಲ. ನಾನು ಒಂದು ಕಳೆದು ಓದ್ಕೋತೀನಿ.”

“ಹೇಳೋಕೇನಾಗಿತ್ತು ನಿನಗೆ?”

“ಎರಡು ಸಲ ಬಾಯಿ ತೆಗೆದೆ. ಎರಡು ಸಲವೂ ಮುಚ್ಚಿಸಿದ್ರಿ.”

“ಯಾವ ಮುಠ್ಠಾಳ ಕತ್ತರಿಸಿದ್ದು ಅದನ್ನ?”

“ನೀವೇ. ಅಂಗಳದ ನಲ್ಲಿ ಸೋರುತ್ತೆ, ಒಂದು ಚೂರು ಬಟ್ಟೆ ಸುತ್ತಿದ್ರೆ ನಿಲ್ಲುತ್ತೆ ಅಂತ. ಕೈಗೆ ಸಿಕ್ಕಿದ್ದು ನನ್ನ ಟೇಪು.”

ಸಾಹೇಬರು ಕುರ್ಚಿ ಹುಡುಕಿಕೊಂಡು ಕುಳಿತರು. ಹನ್ನೊಂದು ವರ್ಷ ದಿನಾ ಅವಳ ಕೊರಳಲ್ಲಿ ಕಂಡ ಟೇಪು. ಊರಿನವರ ಕಡ್ಡಿಯನ್ನೆಲ್ಲ ಕಣ್ಣಿಗೆ ಹಿಡಿದು ನೋಡಿದವರು ಅದನ್ನು ಒಮ್ಮೆಯೂ ನೋಡಿರಲಿಲ್ಲ.

“ಪರದೆ ಏನಾಯ್ತು ಅಂತ ಕೇಳಲ್ವಾ?” ಎಂದಳು ಅವಳು.

“ಏನಾಯ್ತು?”

“ಬಾಡಿಗೆ ಪರದೆ ತಂದು ಕಟ್ಟಿ ಸಮಾರಂಭ ಶುರು ಮಾಡಿಬಿಟ್ಟಿದ್ದಾರೆ. ನಮ್ಮದು ಇನ್ನು ಬೇಡವಂತೆ. ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ರು.”

ಅವಳ ದನಿ ನಡುಗಲಿಲ್ಲ. ನಡುಗಿದ್ದರೆ ಸಾಹೇಬರಿಗೆ ಸಮಾಧಾನ ಹೇಳುವ ಒಂದು ದಾರಿಯಾದರೂ ಇರುತ್ತಿತ್ತು.

ಸಂಜೆ ಗಾಡಿ ನೇರವಾಗಿ ಮನೆಗೆ ಬಂತು. ಬೆರಳು ತಾಕಿಸಿದರೆ ಸಾಕು, ಬೆಣ್ಣೆಯಂತೆ ಹೋಗುತ್ತಿತ್ತು. ನಾಚಿಕೆಯಿಂದ ಸೋತುಹೋಗಿದ್ದ ಸಾಹೇಬರು ದಾರಿಯಲ್ಲಿ ಹೊಸ ಬಟ್ಟೆ ಟೇಪೊಂದನ್ನು ಕೊಂಡು, ಇಲಾಖೆಯ ಅಳತೆಗೆ ಹಿಡಿದು ಮೂರು ಸಲ ಪರೀಕ್ಷಿಸಿ ತಂದಿದ್ದರು. ಮುಂಗೋಣೆಯಲ್ಲಿ ಯಾರಿಗೂ ಬೇಡವಾದ ನಲವತ್ತೆರಡು ಪರದೆಗಳ ನಡುವೆ ಹೆಂಡತಿ ಕುಳಿತಿದ್ದಳು. ಸ್ಟೂಲನ್ನು ಅವಳ ಪಕ್ಕದಲ್ಲಿಟ್ಟು, ಟೇಪನ್ನು ಮುಂದೆ ಹಿಡಿದರು.

“ತಗೋ. ಸೊನ್ನೆಯಿಂದ ಶುರುವಾಗುತ್ತೆ. ಪಕ್ಕಾ ಅಳತೆ.”

ಅವಳು ಟೇಪನ್ನು ಬಿಚ್ಚಿ ನೋಡಿದಳು. ಪಕ್ಕದಲ್ಲಿದ್ದ ಕತ್ತರಿ ತೆಗೆದುಕೊಂಡು ಮೊದಲ ಇಂಚನ್ನು ಕಚಕ್ ಎಂದು ಕತ್ತರಿಸಿದಳು. ಉಳಿದದ್ದನ್ನು ಕೊರಳಿಗೆ ಹಾಕಿಕೊಂಡಳು.

“ಅಯ್ಯೋ! ಯಾಕೇ?”

“ಪೂರ್ತಿ ಇದ್ರೆ ನನ್ನ ಲೆಕ್ಕ ತಪ್ಪುತ್ತೆ. ಈ ಮನೇಲಿ ಒಂದು ಕಳೆದೇ ಓದಿ ಅಭ್ಯಾಸವಾಗಿದೆ” ಎಂದು ಆ ಚೂರನ್ನು ಅವರ ಅಂಗೈಯಲ್ಲಿಟ್ಟಳು. “ಇದನ್ನ ಒಯ್ದು ನಲ್ಲಿಗೆ ಸುತ್ತಿ. ಇನ್ನೂ ಸೋರ್ತಾ ಇದೆ.”