ಬೆಳಕು ಬಿದ್ದ ಮೇಲೆ ನಮ್ಮ ಮುಖಗಳು

ಕತ್ತಲೆ ಕೆಟ್ಟದ್ದು ಎಂದು ಚಿಕ್ಕಂದಿನಿಂದ ಎಲ್ಲರೂ ನಮಗೆ ಹೇಳಿಕೊಟ್ಟಿದ್ದಾರೆ. ಬೆಳಕಿನ ವಿಷಯದಲ್ಲೂ ಸ್ವಲ್ಪ ಜೋಪಾನವಾಗಿರಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಹಾಗಾಗಿ ಆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು, ಕಂಡದ್ದನ್ನು ಕಂಡ ಹಾಗೇ, ಒಂದನ್ನೂ ಹೆಚ್ಚು ಮಾಡದೆ ಹೇಳುತ್ತೇನೆ.

ನನ್ನ ತಮ್ಮ ಸುಬ್ರಾಯನಿಗೆ ಮೂವತ್ತೈದು ದಾಟಿತ್ತು. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ನಮ್ಮಲ್ಲಿ ಆ ಹೊತ್ತಿಗಾಗಲೇ ಗಂಡಿನವರು ಹೆಣ್ಣು ನೋಡಲು ಹೋಗುವ ಕಾಲ ಮುಗಿದು, ಹೆಣ್ಣಿನವರು ಗಂಡಿನ ಮನೆ ನೋಡಲು ಬರುವ ಕಾಲ ಶುರುವಾಗಿತ್ತು. ಯಲ್ಲಾಪುರದ ಕಡೆಯಿಂದ ಒಂದು ತಂಡ ಬಂದು, ಅವಲಕ್ಕಿ ತಿಂದು, ಚಾ ಕುಡಿದು ಹೋಯಿತು. ಆಮೇಲೆ ಹುಡುಗನ ಬಗ್ಗೆ, ಮನೆಯ ಬಗ್ಗೆ ನೆಂಟರೊಬ್ಬರ ಮೂಲಕ ಸುದ್ದಿ ಬಂತು: "ಮಾಣಿ ಅಡ್ಡಿಲ್ಲೆ. ಮನೆ ಮಾತ್ರ ಕತ್ತಲೆ."

ಸುಬ್ರಾಯ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಆಯಿ, ಅಂದರೆ ನಮ್ಮ ಅಮ್ಮ, ನನ್ನ ಕಡೆ ನೋಡಿದಳು. ಮನೆಯ ಹಿರಿಮಗನಾದ್ದರಿಂದ ಕತ್ತಲೆಯೂ ನನ್ನದೇ ಜವಾಬ್ದಾರಿ. ದೊಡ್ಡ ಬಲ್ಬು ಹಾಕೋಣ ಎಂದೆ. ನನ್ನ ಹೆಂಡತಿ, "ಕರೆಂಟು ಬಿಲ್ಲು ನಿಂಗಳ ಮಾವ ಕಟ್ತ್ರಾ?" ಎಂದಳು. ನನ್ನ ಮಾವ ಎಂದರೆ ಅವಳ ಅಪ್ಪನೇ. ಸಿಟ್ಟಿನಲ್ಲಿ ಅದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಕೊನೆಗೆ, ಕಡಿಮೆ ಕರೆಂಟಿನಲ್ಲಿ ಜಾಸ್ತಿ ಬೆಳಕು ಕೊಡುವ ಸಿಎಫ್‌ಎಲ್ ಎಂಬ ಹೊಸ ಬಲ್ಬು ತರುವುದೆಂದು ತೀರ್ಮಾನವಾಗಿ, ನಾನು ಶಿರಸಿಯ ಬಸ್ಸು ಹತ್ತಿದೆ.

ಅಂಗಡಿಯವನು ದಾಸನಕೊಪ್ಪದ ಕಡೆಯವನು. "ಯಾವ್ದು ಬೇಕ್ರಿ ಸರ, ಹಳದಿಯೋ ಬಿಳೀದೋ?" ಎಂದ. ಸುರುಳಿ ಸುತ್ತಿದ ಆ ಎರಡೂ ಬಲ್ಬುಗಳನ್ನು ಉರಿಸಿ ತೋರಿಸಿದ. ನಾನು ಆತುರದ ಮನುಷ್ಯನಲ್ಲ. ಒಂದೊಂದನ್ನೂ ಹತ್ತಿರದಿಂದ, ದೂರದಿಂದ, ಓರೆಯಿಂದ ನೋಡಿದೆ. ನೋಡಿ ನೋಡಿ ಅಂಗಡಿಯವನ ಹಣೆಯ ಮೇಲೆ ಹಸಿರು ಚಕ್ಕುಲಿಯೊಂದು ತೇಲತೊಡಗಿತು. "ಬಿಳೀದು ಖಡಕ್ ಬೆಳಕು ರೀ, ಹಾಲು ಚೆಲ್ಲಿದಂಗ," ಎಂದ ಅವನು. ಹಾಲು ಎಂದರೆ ಶುಭವಲ್ಲವೇ? ಇಡೀ ಮನೆಗೆ ಬಿಳಿಯದನ್ನೇ ಕಟ್ಟಿಸಿಕೊಂಡು ಬಂದೆ.

ಎಕ್ಕಂಬಿಯಿಂದ ಹೆಣ್ಣಿನವರು ಬಂದದ್ದು ಸಂಜೆಯ ಬಸ್ಸಿಗೆ. ಹುಡುಗಿ ಶೈಲಾ, ಅವಳ ಅಪ್ಪ, ಅವಳ ಅಜ್ಜಿ. ಕೇಸರಿ ಶಿರಾ ಕೊಟ್ಟೆವು. ಮಾತು ಚೆನ್ನಾಗಿಯೇ ನಡೆದಿತ್ತು. ಮುಸ್ಸಂಜೆಯಾಯಿತು. ನಮ್ಮ ಕಡೆ ಸಂಜೆ ಮೊದಲ ದೀಪ ಹತ್ತಿದಾಗ, ಅದು ಎಣ್ಣೆಯದಿರಲಿ ಕರೆಂಟಿನದಿರಲಿ, ಎದ್ದು ಕೈಮುಗಿಯುವ ಪದ್ಧತಿ. ಹೆಂಡತಿ ಸ್ವಿಚ್ ಒತ್ತಿದಳು. ಬಲ್ಬು ಛಕ್ಕೆಂದಿತು. ಅಜ್ಜಿ ಎದ್ದು, ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ಬಿಟ್ಟರೆ ಕತ್ತಲೆ. ಸಂಜೆಯ ಹೊತ್ತು ನಮ್ಮೂರಲ್ಲಿ ವೋಲ್ಟೇಜು ಕಡಿಮೆ ಎಂಬುದನ್ನು ನಾನು ಅಂಗಡಿಯಲ್ಲಿ ನೆನಪು ಮಾಡಿಕೊಂಡಿರಲಿಲ್ಲ. ಮತ್ತೆ ಛಕ್ ಎಂದಿತು, ಅಜ್ಜಿ ಮತ್ತೆ ಕೈಮುಗಿದರು, ಮತ್ತೆ ಕತ್ತಲೆ. ಹಿರಿಯರು ನಿಂತಿರುವಾಗ ಕೂರುವುದು ಹೇಗೆಂದು ಎಲ್ಲರೂ ಎದ್ದೆವು. ಬಲ್ಬು ಮಿನುಗಿದಾಗೆಲ್ಲ ಸಾಲಾಗಿ ನಮಸ್ಕಾರ. ಹುಡುಗಿಯ ಅಪ್ಪನ ಕೈಯಲ್ಲಿ ಶಿರಾದ ತಟ್ಟೆ ಇದ್ದುದರಿಂದ ಅವರು ತಟ್ಟೆಯನ್ನೇ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಆಯಿ ನನ್ನ ಕಿವಿಯಲ್ಲಿ, "ತಮಾ, ಇದೆಂತಾ ದೀಪವಾ ಇಲ್ಲಾ ಕವಾಯತನಾ?" ಎಂದಳು.

ಆಮೇಲೆ ಬಲ್ಬು ನಿಂತು ಉರಿಯಿತು. ಅದು ಉರಿಯದಿದ್ದರೇ ಚೆನ್ನಾಗಿತ್ತು. ಹಳೆಯ ಹಳದಿ ಬಲ್ಬು ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಗೋಡೆಯ ಕಲೆ, ಮೂಲೆಯ ಜೇಡನ ಬಲೆ, ಎಲ್ಲವೂ ಮುಂದೆ ಬಂದು ನಿಂತವು. ಶಿರಾ ಕೆಸರಿನ ಬಣ್ಣಕ್ಕೆ ತಿರುಗಿತು. ಗೋಧಿ ಬಣ್ಣದ ನಮ್ಮ ಸುಬ್ರಾಯ ಟೈಫಾಯ್ಡಿನಿಂದ ಈಗಷ್ಟೇ ಎದ್ದವನಂತೆ ಹಸಿರು ಹಸಿರಾಗಿ ಕೂತಿದ್ದ.

ಅಜ್ಜಿ ಅವನನ್ನೇ ನೋಡಿದರು. "ಮಾಣಿಗೆ ಮೈ ಹುಷಾರಿಲ್ಯಾ?"

"ಎಂತೂ ಇಲ್ಲೆ, ಆರಾಮಿದ್ದೆ," ಎಂದ ಸುಬ್ರಾಯ. ಹೆದರಿಕೆಗೆ ದನಿಯೂ ಕಾಯಿಲೆಯವರದಾಗಿತ್ತು.

"ಎಷ್ಟು ದಿನದಿಂದ ಹೀಂಗೆ?" ಎಂದರು ಹುಡುಗಿಯ ಅಪ್ಪ, ತಟ್ಟೆ ಕೆಳಗಿಟ್ಟು.

ಈ ಸಂಬಂಧವೂ ತಪ್ಪಿತು ಎಂದುಕೊಂಡೆ. ಮುಂದೆ ಹೋಗಿ, "ಅಜ್ಜಿ, ಅದು ಬಲ್ಬಿನ ಬಣ್ಣ. ಬೇಕಾದ್ರೆ ನನ್ನ ನೋಡಿ," ಎಂದೆ.

ಅಜ್ಜಿ ಸಾವಕಾಶ ನೋಡಿದರು. "ಹೌದು, ನಿಂಗೂ ಇದ್ದು. ಮನೆತನದ್ದೇ ಆಗಿಕ್ಕು."

ನನ್ನ ಹೆಂಡತಿ ಒಳಗೆ ಓಡಿದಳು. ಅತ್ತಳೋ ನಕ್ಕಳೋ ನಾನು ನೋಡಿಲ್ಲ, ಹಾಗಾಗಿ ಹೇಳುವುದಿಲ್ಲ. ಅಷ್ಟರಲ್ಲಿ, ಅದುವರೆಗೆ ತಲೆ ತಗ್ಗಿಸಿ ಕೂತಿದ್ದ ಶೈಲಾ ಎದ್ದು ಬಲ್ಬಿನ ಕೆಳಗೇ ಬಂದು ನಿಂತಳು. "ಅಜ್ಜಿ, ಇಲ್ನೋಡು. ಆನು ಹ್ಯಾಂಗೆ ಕಾಣ್ತೆ?"

"ಅಯ್ಯೋ ಕೂಸೇ!" ಅಜ್ಜಿ ಎದೆ ಹಿಡಿದುಕೊಂಡರು. "ಇಷ್ಟು ಬೇಗ ನಿಂಗೂ ಬಂತನೇ?"

ಶೈಲಾ ನಕ್ಕಳು. ಸುಬ್ರಾಯ ನಕ್ಕ. ಅವಳ ಅಪ್ಪ ತಟ್ಟೆಯನ್ನು ವಾಪಸು ತೆಗೆದುಕೊಂಡರು. ಅಜ್ಜಿ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡು, ಅದೂ ಹಸಿರಾಗಿರುವುದನ್ನು ಕಂಡು, ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಹೆಚ್ಚು ನಕ್ಕರು. ಹೊರಡುವಾಗ ಶೈಲಾ ಸುಬ್ರಾಯನನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಬಲ್ಬು ಆಯ್ದು ತಂದದ್ದು ನೀವಾ?" ಅವನು ಒಂದು ಕ್ಷಣವೂ ತಡಮಾಡದೆ, "ಅಲ್ಲ, ಅಣ್ಣ," ಎಂದ. "ಹಂಗಾದ್ರೆ ಅಡ್ಡಿಲ್ಲೆ," ಎಂದಳು.

ಮದುವೆಯಾಯಿತು. ಶೈಲಾ ಬಂದ ವಾರದಲ್ಲೇ ಜಗುಲಿಗೂ ಅಡುಗೆಮನೆಗೂ ಹಳದಿ ಸಿಎಫ್‌ಎಲ್ ಬಂದವು. ಬಿಳಿಯವನ್ನು ಎಸೆಯುವುದು ಬೇಡ, "ಭಾವ ಇಷ್ಟಪಟ್ಟು ತಂದದ್ದು" ಎಂದು ಅವಳು ಎಲ್ಲವನ್ನೂ ಗೌರವದಿಂದ ನನ್ನ ಕೋಣೆಗೆ ಸೇರಿಸಿದಳು. ನನ್ನ ಕೋಣೆಯಲ್ಲಿ ಕನ್ನಡಿಯೊಂದಿದೆ. ಅದರಲ್ಲಿ ದಿನವೂ ಮುಖ ನೋಡಿಕೊಳ್ಳುತ್ತ ನನಗೇ ಅನುಮಾನ ಶುರುವಾಯಿತು. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ. ಅವರ ಕೋಣೆಯಲ್ಲೂ ಅದೇ ಬಿಳಿ ಬಲ್ಬು ಉರಿಯುತ್ತಿತ್ತು. ಅವರು ನನ್ನ ಮುಖವನ್ನು ದಿಟ್ಟಿಸಿದರು, ನಾನು ಅವರ ಮುಖವನ್ನು ದಿಟ್ಟಿಸಿದೆ. ನನಗಿಂತ ಅವರ ಸ್ಥಿತಿಯೇ ಗಂಭೀರವಾಗಿತ್ತು. ಕೇಳಬಾರದಿತ್ತು, ಆದರೂ ಕೇಳಿದೆ: "ಡಾಕ್ಟ್ರೇ, ಎಷ್ಟು ದಿನದಿಂದ ಹೀಗೆ?"